ಮೂರನೆಯ ಪದ

ನನ್ನ ಫೋನಿನಲ್ಲಿ ಆ ಮೆಸೇಜು ಈಗಲೂ ಇದೆ. ಮೂರೇ ಪದ: ‘ಸ್ಕೆಚ್ ರೆಡಿ ಅಕ್ಕ.’ ಅದರ ಕೆಳಗೆ ನಾನು ಒತ್ತಿದ ಹೆಬ್ಬೆರಳಿನ ಗುರುತು. ಕಳಿಸಿದವನು ಚಿಕ್ಕಮ್ಮನ ಮಗ. ಅವನನ್ನು ಇಲ್ಲಿ ತಮ್ಮ ಎಂದೇ ಕರೆಯುತ್ತೇನೆ. ಮನೆಯಲ್ಲೂ ನಾನು ಅವನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ.

ಮೆಸೇಜಿನಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಭದ್ರಾವತಿಯ ಹೊರಗೆ ಅಜ್ಜ ಬಿಟ್ಟುಹೋದ ಒಂದು ತುಂಡು ಹೊಲ ಅಮ್ಮನಿಗೂ ಚಿಕ್ಕಮ್ಮನಿಗೂ ಪಾಲಾಗಬೇಕಿತ್ತು. ಪಾಲು ರಿಜಿಸ್ಟರ್ ಆಗಬೇಕಾದರೆ ಹೊಲ ಅಳೆದು ಬರೆದ ಸ್ಕೆಚ್ ಬೇಕು. ತಾಲ್ಲೂಕು ಕಚೇರಿಗೆ ಅಲೆದವರೆಲ್ಲ ಅದನ್ನು ‘ಇಲೆವೆನ್ ಇ’ ಎನ್ನುತ್ತಾರೆ. ತಮ್ಮ ಓಲ್ಡ್ ಟೌನಿನಲ್ಲಿ ಒಬ್ಬ ಲೈಸೆನ್ಸ್ ಸರ್ವೇಯರ ಕೈಕೆಳಗೆ ಕೆಲಸ ಮಾಡುತ್ತಿದ್ದ. ನಮ್ಮ ಸ್ಕೆಚ್ಚಿನ ಹಿಂದೆ ಓಡಾಡಿದವನು ಅವನೇ. ಅದು ಕೈಗೆ ಬಂದ ದಿನ ನನಗೆ ತಿಳಿಸಿದ.

ಆದರೆ ಸ್ಕೆಚ್ ಎನ್ನುವ ಪದಕ್ಕೆ ನಮ್ಮ ಕಡೆ ಇನ್ನೊಂದು ಅರ್ಥವೂ ಇದೆ. ಯಾರನ್ನಾದರೂ ಮುಗಿಸಲು ಹೊಂಚು ಹಾಕಿದರೆ ಪತ್ರಿಕೆಗಳು ‘ಕೊಲೆಗೆ ಸ್ಕೆಚ್’ ಎಂದು ಬರೆಯುತ್ತವೆ. ಪಕ್ಕದ ಮನೆಯ ಮಗು ಬಿಸ್ಕತ್ತಿನ ಡಬ್ಬಿಯ ಸುತ್ತ ಸುಳಿದಾಡಿದರೂ ಅದರ ಅಜ್ಜಿ, ಏನೋ ಸ್ಕೆಚ್ ಹಾಕ್ತಿದೆ ನೋಡು ಎನ್ನುತ್ತಾರೆ. ಎರಡು ಅರ್ಥಗಳೂ ಇಷ್ಟು ವರ್ಷ ಒಂದಕ್ಕೊಂದು ತಗುಲದೆ ನಮ್ಮ ನಡುವೆ ಇದ್ದವು.

ತಮ್ಮ ಒಂದು ಕಾಲದಲ್ಲಿ ತನ್ನ ಕೆಲಸದ ಬಗ್ಗೆ ಬಿಡುವಿಲ್ಲದೆ ಮಾತಾಡುತ್ತಿದ್ದ. ಶಿವಮೊಗ್ಗಕ್ಕೆ ಬಂದರೆ ವಿದ್ಯಾನಗರದ ನಮ್ಮ ಮನೆಗೆ ಬರದೆ ಹೋಗುತ್ತಿರಲಿಲ್ಲ. ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಅಮ್ಮ ಮಾಡಿದ ಅವಲಕ್ಕಿ ತಿಂದು, ಹೊಲದ ಕತೆ ಹೇಳುತ್ತಾ ಕೂತಿರುತ್ತಿದ್ದ. ಜಗಳ ಆಡುವ ಅಣ್ಣತಮ್ಮಂದಿರ ನಡುವೆ ಅಳತೆಯ ಸರಪಳಿ ಹಿಡಿದು ನಿಂತದ್ದು, ಮುಳ್ಳು ಬೆಳೆದು ಮುಚ್ಚಿಹೋದ ಗಡಿ ಕಲ್ಲನ್ನು ಹುಡುಕಿದ್ದು.

“ಒಂದು ಹಳೇ ಕಲ್ಲು ಸಿಕ್ಬಿಟ್ರೆ ಸಾಕು ಅಕ್ಕ. ಮಿಕ್ಕಿದ್ದೆಲ್ಲ ಅಲ್ಲಿಂದ ಅಳೀಬೋದು” ಎನ್ನುತ್ತಿದ್ದ. ಸರ್ವೇಯರನ್ನು ಸಾರ್ ಎನ್ನುತ್ತಿದ್ದ. ರೈತರು ಯಾರೇ ಆಗಲಿ, ಯಜಮಾನ್ರೇ. ಯಾರ ಹತ್ತಿರ ಯಾವ ಮಾತು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆಮೇಲೆ ಕಲ್ಲುಗಳ ಮಾತು ನಿಂತಿತು. ಯಾವಾಗ ಎಂದು ಖಚಿತವಾಗಿ ಹೇಳಲಾರೆ. ಒಂದು ಮಳೆಗಾಲಕ್ಕೂ ಮುಂದಿನ ಬೇಸಿಗೆಗೂ ನಡುವೆ. ಬಂದರೂ ಒಂದು ಕಿವಿಯಲ್ಲಿ ಇಯರ್‌ಫೋನ್ ಇರುತ್ತಿತ್ತು. ಫೋನನ್ನು ಮೇಜಿನ ಮೇಲೆ ಮುಖ ಕೆಳಗಾಗಿ ಇಡುತ್ತಿದ್ದ. ನನಗೆ ವೀಡಿಯೋಗಳು ಬರತೊಡಗಿದವು. ನಡುಗುವ ಕ್ಯಾಮೆರಾ, ಕೂಗು, ಮೇಲೆ ಕೆಂಪು ಅಕ್ಷರ. ಎಲ್ಲಿ ನಡೆದದ್ದು, ಯಾವಾಗ ನಡೆದದ್ದು ಎಂದು ಯಾವುದರಲ್ಲೂ ಇರಲಿಲ್ಲ. ಒಂದು ಭಾನುವಾರ ನಾನು ಅದನ್ನೇ ಕೇಳಿದೆ. ಇದು ನಮ್ಮ ಜಿಲ್ಲೆಯದು ಎಂದು ನಿನಗೆ ಯಾರು ಹೇಳಿದರು, ಯಾವ ಪೇಪರಿನಲ್ಲೂ ಇಲ್ಲವಲ್ಲ ಎಂದೆ.

ಅವನು ನನ್ನನ್ನು ಸ್ವಲ್ಪ ಕನಿಕರದಿಂದ ನೋಡಿದ. “ಪೇಪರಲ್ಲಿ ಬಂದಿಲ್ಲ ಅಂದ್ರೆ ನಿಜ ಅಂತ ಅರ್ಥ ಅಕ್ಕ. ಸುಳ್ಳಾಗಿದ್ರೆ ಯಾಕೆ ಮುಚ್ಚಿಡ್ತಿದ್ರು?”

ಆ ದನಿ ಅವನದೇ, ವಾಕ್ಯ ಮಾತ್ರ ಅವನದಲ್ಲ ಅನ್ನಿಸಿತು. ಅಳತೆಯ ಸರಪಳಿ ಹಿಡಿಯುವವನು ಹೀಗೆ ಯೋಚಿಸುವುದಿಲ್ಲ. ಅಮ್ಮ ಒಳಗಿನಿಂದ, ಊಟಕ್ಕೆ ಏಳ್ರೋ ಎಂದು ಕರೆದರು. ಮಾತು ಅಲ್ಲಿಗೇ ನಿಂತಿತು.

ತಾಲ್ಲೂಕು ಕಚೇರಿಯ ಹತ್ತಿರ ಒಂದು ಜೆರಾಕ್ಸ್ ಅಂಗಡಿ ಇತ್ತು. ನಮ್ಮ ಹೊಲದ ಪಹಣಿಯ ಪ್ರತಿಗಳನ್ನು ಮಾಡಿಸಿದ್ದೂ ಅಲ್ಲೇ. ಅಂಗಡಿಯಾತ ಐವತ್ತು ದಾಟಿದವರು. ಜೆರಾಕ್ಸ್ ಯಂತ್ರ ಬಿಸಿಯಾಗುವ ತನಕ ಗಿರಾಕಿಗಳ ಜೊತೆ ರಾಜಕೀಯ ಮಾತಾಡುತ್ತಿದ್ದರು, ಅದನ್ನೇ ರಾತ್ರಿ ಫೇಸ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಯಾರ ವಿರುದ್ಧ ಎಂದು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರು ಅಲ್ಲಿಗೇ ತೀರ್ಪು ಕೊಟ್ಟು ಪುಟ ಮಗುಚುತ್ತಾರೆ. ಒಂದು ಸಂಜೆ ಅವರು ಷಟರ್ ಎಳೆದು, ಹಿಂದಿನ ಓಣಿಯಲ್ಲಿ ಮನೆಗೆ ನಡೆದು ಹೋಗುವಾಗ ಇಬ್ಬರು ಕಬ್ಬಿಣದ ರಾಡಿನಿಂದ ಹೊಡೆದರು. ಜೀವ ಉಳಿಯಿತು. ದವಡೆ ಮುರಿದಿತ್ತು. ಬಹಳ ಕಾಲ ಅವರು ಮಾತಾಡಬೇಕಾದ್ದನ್ನು ಬರೆದು ತೋರಿಸುತ್ತಿದ್ದರಂತೆ.

ಹೊಡೆದ ಇಬ್ಬರು ಸಿಕ್ಕಿದರು. ಅವರ ಬೆನ್ನಿಗೇ ತಮ್ಮನನ್ನು ಕರೆದೊಯ್ದರು. ಅಂಗಡಿಯಾತ ಯಾವಾಗ ಬಾಗಿಲು ಹಾಕುತ್ತಾರೆ, ಯಾವ ಓಣಿ ಹಿಡಿಯುತ್ತಾರೆ ಎಂದು ಹೇಳಿಕೊಟ್ಟವನು ಇವನು ಎಂಬ ಆರೋಪ. ಪೊಲೀಸರ ಪತ್ರಿಕಾಗೋಷ್ಠಿ ಆಯಿತು. ಯುವಕರು ಆನ್‌ಲೈನ್ ವೀಡಿಯೋ ನೋಡಿ ನೋಡಿ ತಾವಾಗಿಯೇ ಪ್ರಚೋದನೆಗೊಂಡಿದ್ದಾರೆ, ಇವರ ಹಿಂದೆ ಯಾವ ವ್ಯಕ್ತಿಯೂ ಸಂಘಟನೆಯೂ ಇರುವುದು ಕಂಡುಬಂದಿಲ್ಲ ಎಂದರು. ಸಾಕ್ಷ್ಯ ಎಂದು ತಮ್ಮನ ಫೋನಿನಲ್ಲಿ ಸಿಕ್ಕ ಒಂದು ಮೆಸೇಜನ್ನು ಓದಿದರು. ಮಾರನೆಯ ದಿನ ಎಲ್ಲ ಪತ್ರಿಕೆಗಳಲ್ಲೂ ಅದೇ ತಲೆಬರಹ: ‘ಸ್ಕೆಚ್ ರೆಡಿ’.

ಅಂದು ಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸ ನನ್ನ ಫೋನು ತೆಗೆದು ನೋಡಿದ್ದು. ಮೆಸೇಜಿನ ತಾರೀಖು ಪೇಪರಿನಲ್ಲಿದ್ದ ತಾರೀಖಿಗೆ ಹೊಂದುತ್ತಿತ್ತು. ಎದೆಯ ಭಾರ ಇಳಿದಂತಾಯಿತು. ಹೊಲದ ಸ್ಕೆಚ್ಚನ್ನು ಕೊಲೆಯ ಸ್ಕೆಚ್ ಮಾಡಿದ್ದಾರೆ! ಆ ಪರದೆಯ ಚಿತ್ರ ತೆಗೆದು ಚಿಕ್ಕಮ್ಮನಿಗೆ ಕಳಿಸಿದೆ. ನೋಡಿ, ಇದು ನನಗೆ ಬಂದದ್ದು, ಹೆದರಬೇಡಿ ಎಂದು ಬರೆದೆ.

ಊರು ಅಷ್ಟರಲ್ಲಿ ತನ್ನದೇ ತೀರ್ಮಾನಕ್ಕೆ ಬಂದಿತ್ತು. ಪೊಲೀಸರ ಮಾತನ್ನು ಯಾರೂ ನಂಬಿರಲಿಲ್ಲ, ಆದರೆ ಒಬ್ಬೊಬ್ಬರೂ ಒಂದೊಂದು ಕಾರಣಕ್ಕೆ. ಭದ್ರಾವತಿಯ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನವರು, ಸರ್ವೆ ಮಾಡೋ ಹುಡುಗನ ಫೋನಲ್ಲಿ ಸ್ಕೆಚ್ ಇರದೆ ಮಸಾಲೆದೋಸೆ ಇರುತ್ತಾ ಎಂದು ನಗುತ್ತಿದ್ದರು. ಕಂಡಕ್ಟರ್ ಟಿಕೆಟ್ ಹರಿಯುತ್ತಲೇ ಆ ನಗುವಿಗೆ ಅಡ್ಡ ಬಂದ. “ಅಲ್ಲ ಮಾರಾಯ, ಮೊಬೈಲ್ ಎದ್ದು ಬಂದು ಹೊಡೀತಾ? ಹೊಡ್ಯೋಕೆ ಕೈ ಬೇಕು, ಕೈಗೆ ಹೇಳೋಕೆ ಒಂದು ಬಾಯಿ ಬೇಕು. ಆ ಬಾಯಿ ಎಲ್ಲಿದೆ ಅಂತ ಇವ್ರು ಹೇಳಲ್ಲ.” ಬಸ್ಸು ಸೇತುವೆ ಹತ್ತಿತು. ಕೆಳಗೆ ಭದ್ರೆ ತುಂಬಿ, ಸದ್ದಿಲ್ಲದೆ ಹರಿಯುತ್ತಿದ್ದಳು.

ಚಿಕ್ಕಮ್ಮನ ಮನೆಯ ಬಾಗಿಲು ಅರ್ಧ ಮುಚ್ಚಿತ್ತು. ಚಿಕ್ಕಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಬನಿಯನ್ನಿನಲ್ಲಿ ಕೂತು ಪೇಪರನ್ನು ನಾಲ್ಕಾಗಿ ಮಡಿಸಿ ಬೀಸಣಿಗೆ ಮಾಡಿಕೊಂಡಿದ್ದರು. ಕೇಸು ಅಂದರೆ ಕಾರ್ಖಾನೆಯ ಹಾಗೆ, ಅಚ್ಚು ಮೊದಲೇ ತಯಾರಿರುತ್ತದೆ, ಕಬ್ಬಿಣ ಯಾವುದಾದರೇನು, ಕಾಯಿಸಿ ಸುರಿಯುವುದಷ್ಟೇ ಎಂದರು. ಸರ್ಕಾರ ಹೇಳಿದ್ದರಲ್ಲಿ ಒಂದು ಸುಳ್ಳು ಸಿಕ್ಕಿದರೆ ಉಳಿದದ್ದೂ ಸುಳ್ಳೇ ಎಂಬುದು ಅವರ ವಾದ. ನನಗೆ ತಮ್ಮನ ಮಾತು ನೆನಪಾಯಿತು. ಮಗನೂ ಹೀಗೇ ಶುರು ಮಾಡಿದ್ದ.

ಒಳಗೆ ಇನ್ನೊಬ್ಬರಿದ್ದರು. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆಲುದನಿ. ಚಿಕ್ಕಮ್ಮ ಕೇಳದೆಯೇ ಅವರಿಗೆ ಸಕ್ಕರೆ ಹಾಕದ ಟೀ ತಂದಿಟ್ಟರು. ವಕೀಲರನ್ನು ಗೊತ್ತು ಮಾಡಿದ್ದು ಇವರೇ, ಠಾಣೆಗೆ ಊಟ ಕಳಿಸುತ್ತಿರುವುದೂ ಇವರೇ, ದೇವರ ಹಾಗೆ ಬಂದರು ಎಂದು ಪರಿಚಯಿಸಿದರು. ಅವರು ಎದ್ದು ನಿಂತು ಕೈಮುಗಿದರು. ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ಆದರೂ ನನ್ನನ್ನು ಅಕ್ಕ ಎಂದರು.

“ನೀವು ಕಾಲೇಜಲ್ಲಿ ಪಾಠ ಮಾಡೋರು, ನಿಮ್ಮ ಮಾತಿಗೆ ತೂಕ ಇದೆ ಅಕ್ಕ. ಆ ಮೆಸೇಜು ನಿಮಗೆ ಬಂದಿದ್ದು ಅಂತ ಒಂದು ಹೇಳಿಕೆ ಕೊಟ್ರೆ ಸಾಕು. ಹುಡುಗ ಆಚೆ ಬರ್ತಾನೆ.”

ನಾನು ಕೊಡುತ್ತೇನೆ ಎಂದೆ. ಕೊಡಬೇಕೆಂದೇ ಬಂದಿದ್ದೆ. ಫೋನು ತೆಗೆದು ಮೆಸೇಜು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ಓದಲು ಮೂರು ಪದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು.

“ಇದರ ಫೋಟೋ ಕೊಡ್ತೀವಲ್ಲ, ಅದರಲ್ಲಿ ಮೊದಲನೇ ಎರಡು ಪದ ಕಂಡ್ರೆ ಸಾಕು. ಪೇಪರಲ್ಲೂ ಅಷ್ಟೇ ಬಂದಿರೋದು. ಎರಡೂ ಒಂದೇ ಥರ ಕಾಣ್ಬೇಕು ನೋಡಿ. ಕೊನೇದು ಬೇಡ.”

“ಅಕ್ಕ ಅನ್ನೋದು ಬೇಡ್ವಾ?” ಎಂದೆ.

“ಸುಮ್ನೆ ಗೊಂದಲ ಆಗುತ್ತೆ.”

ಗೊಂದಲ ಯಾಕೆ ಆಗಬೇಕು? ನಾನು ಆ ಮಾತನ್ನು ಬಸ್ಸಿನಲ್ಲಿ ವಾಪಸು ಬರುವಾಗಲೂ ತಿರುವಿ ತಿರುವಿ ನೋಡಿದೆ. ಪೊಲೀಸರ ಹತ್ತಿರ ಇರುವುದು ನನಗೆ ಬಂದ ಮೆಸೇಜೇ ಆಗಿದ್ದರೆ, ಅದರಲ್ಲೂ ಅಕ್ಕ ಎಂದು ಇರಲೇಬೇಕು. ತಮ್ಮನನ್ನು ಉಳಿಸುವ ಪದ ಅದೇ. ಸ್ಕೆಚ್ ಎಂಬ ಪದಕ್ಕೆ ಎರಡು ಅರ್ಥ ಇರಬಹುದು, ಅಕ್ಕ ಎಂಬ ಪದಕ್ಕೆ ಇಲ್ಲ. ಅದನ್ನು ತೆಗೆದುಬಿಡಿ ಎಂದು ಹೇಳಬೇಕಾದರೆ, ಪೊಲೀಸರ ಹತ್ತಿರ ಇರುವ ಮೆಸೇಜಿನಲ್ಲಿ ಕೊನೆಯ ಪದ ಅಕ್ಕ ಅಲ್ಲ ಎಂಬುದು ಬಿಳಿ ಅಂಗಿಯವರಿಗೆ ಗೊತ್ತಿರಬೇಕು. ಅಂದರೆ ತಮ್ಮ ಇನ್ನೊಂದು ಮೆಸೇಜು ಕಳಿಸಿದ್ದ. ಬೇರೆ ಯಾರಿಗೋ. ಅದರಲ್ಲಿ ಏನಿತ್ತು ಎಂಬುದು ಕಳಿಸಿದವನಿಗೆ ಗೊತ್ತಿರುತ್ತದೆ, ಪಡೆದವನಿಗೆ ಗೊತ್ತಿರುತ್ತದೆ. ಪೊಲೀಸರಿಗೆ ಗೊತ್ತಿತ್ತು, ಅವರು ಪತ್ರಿಕೆಯವರಿಗೆ ಎರಡೇ ಪದ ಓದಿ ನಿಲ್ಲಿಸಿದ್ದರು. ತಮ್ಮ ಒಳಗಿದ್ದ. ಬಿಳಿ ಅಂಗಿಯವರು ಹೊರಗೆ, ಚಿಕ್ಕಮ್ಮನ ಮನೆಯಲ್ಲಿ, ಸಕ್ಕರೆ ಇಲ್ಲದ ಟೀ ಕುಡಿಯುತ್ತಿದ್ದರು.

ಹೊರಡುವಾಗ ಚಿಕ್ಕಮ್ಮ ಗೇಟಿನ ತನಕ ಬಂದಿದ್ದರು. ಅವರನ್ನು ಎಷ್ಟು ದಿನದಿಂದ ಬಲ್ಲಿರಿ ಎಂದು ನಾನು ಕೇಳಿದ್ದೆ. “ಬರ್ತಾ ಇರ್ತಾರೆ ಮಾರಾಯ್ತಿ, ಒಂದು ವರ್ಷ ಆಯ್ತೇನೋ. ಇವನಂತೂ ಬೆಳಗೆದ್ರೆ ಅಣ್ಣ ಅಣ್ಣ ಅಂತ ಅವರ ಹಿಂದೇನೇ” ಎಂದಿದ್ದರು. ಅದನ್ನು ಹೆಮ್ಮೆಯಿಂದಲೇ ಹೇಳಿದ್ದರು.

ನಾನು ಕತ್ತರಿಸಿದ ಚಿತ್ರ ಕೊಡಲಿಲ್ಲ. ಅದರಿಂದ ಏನೂ ಆಗಲಿಲ್ಲ. ಚಿಕ್ಕಮ್ಮನ ಫೋನಿಗೆ ನಾನು ಮೊದಲೇ ಕಳಿಸಿದ ಪೂರ್ತಿ ಚಿತ್ರ ಇತ್ತಲ್ಲ. ಒಂದೆರಡು ದಿನಗಳಲ್ಲಿ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಒಬ್ಬ ಸಹೋದ್ಯೋಗಿ ತನ್ನ ಫೋನನ್ನು ನನ್ನ ಮುಂದೆ ಹಿಡಿದಳು. ಹೊಲದ ಅಳತೆಯ ಮೆಸೇಜನ್ನು ಕೊಲೆ ಸಂಚು ಎಂದರು, ಅಮಾಯಕನನ್ನು ಬಲಿಪಶು ಮಾಡಿದರು ಎಂದು ಮೇಲೆ ಬರೆದಿತ್ತು. ಕೆಳಗೆ ನನ್ನದೇ ಫೋನಿನ ಪರದೆ. ‘ಸ್ಕೆಚ್ ರೆಡಿ’ ಎಂಬಲ್ಲಿಗೆ ಅಂಚು ಮುಗಿದಿತ್ತು. ನನ್ನ ಹೆಬ್ಬೆರಳೂ ಇರಲಿಲ್ಲ.

“ನೋಡಿದ್ಯಾ, ಪೊಲೀಸರ ಬಂಡವಾಳ! ನಾನು ಮೊದ್ಲೇ ಹೇಳಿದ್ನಲ್ಲ, ಇವ್ರು ಹೇಳೋದೆಲ್ಲ ಕತೆ ಅಂತ” ಎಂದಳು ಅವಳು. ಆ ಚಿತ್ರ ಯಾರ ಫೋನಿನದು ಎಂದು ಅವಳಿಗೆ ತಿಳಿದಿರಲಿಲ್ಲ. ನಾನು ಹೇಳಲೂ ಇಲ್ಲ. ಪೊಲೀಸರು ಹೇಳಿದ್ದು ಪೂರ್ತಿಯಲ್ಲ ಎಂದು ನನಗೂ ಅನ್ನಿಸಿತ್ತು. ಆದರೆ ಇಡೀ ಊರು ಅನುಮಾನ ಪಡುತ್ತಿದ್ದ ಜಾಗ ಒಂದು, ಪದ ಕಾಣೆಯಾಗಿದ್ದ ಜಾಗ ಇನ್ನೊಂದು.

ಈಗ ನನ್ನ ಮುಂದಿದ್ದದ್ದು ಒಂದೇ ಪ್ರಶ್ನೆ. ಆ ಎರಡು ಪದ ನನ್ನವೇ ಎಂದು ಹೇಳಿದರೆ ತಮ್ಮ ಬೇಗ ಬಿಡುಗಡೆಯಾಗುತ್ತಾನೆ. ಆಗಿ ಯಾರ ಕೈಗೆ ಹೋಗುತ್ತಾನೆ ಎಂಬುದು ನನಗೆ ಗೊತ್ತು. ಮೂರನೆಯ ಪದವನ್ನೂ ಹೇಳಿದರೆ, ಕೇಳುವವರು ಕೇಳಿದರೆ, ಆ ಕೈ ಯಾರದೆಂದು ಹುಡುಕಬಹುದು. ಅಷ್ಟರ ತನಕ ತಮ್ಮ ಒಳಗೇ ಇರಬೇಕಾದೀತು. ಅಮ್ಮನಿಗೆ ಇದನ್ನು ಬಿಡಿಸಿ ಹೇಳಲಿಲ್ಲ. ಅಮ್ಮನ ತಂಗಿ ದಿನಾ ಫೋನ್ ಮಾಡಿ ಅಳುತ್ತಿದ್ದರು.

ಠಾಣೆಯಲ್ಲಿ ತನಿಖಾಧಿಕಾರಿ ಸೌಜನ್ಯದಿಂದಲೇ ನಡೆದುಕೊಂಡರು. ನಾನು ಫೋನು ಅವರ ಕೈಗೆ ಕೊಟ್ಟು, ಇದು ನನಗೆ ಬಂದ ಮೆಸೇಜು, ಇದರಲ್ಲಿ ಮೂರು ಪದ ಇವೆ, ಇದು ನಮ್ಮ ಹೊಲದ ಸ್ಕೆಚ್ಚಿನ ಬಗ್ಗೆ ಎಂದೆ. ಅವರು ಓದಿದರು.

“ಅಕ್ಕ ಅಂತ ಇದೆ” ಎಂದರು.

“ಹೌದು. ನಿಮ್ಮ ಹತ್ತಿರ ಇರೋದರಲ್ಲಿ ಕೊನೇ ಪದ ಏನಿದೆ ಸರ್?”

ಪೆನ್ನು ನಿಂತಿತು. ಬಾಗಿಲ ಹತ್ತಿರ ಬೆಂಚಿನ ಮೇಲೆ ವಕೀಲರ ಪಕ್ಕದಲ್ಲಿ ಬಿಳಿ ಅಂಗಿಯವರು ಕೂತಿದ್ದರು, ಕಾಲಿನ ಮೇಲೆ ಕಾಲು ಹಾಕಿಕೊಂಡು. ಅಧಿಕಾರಿ ಒಂದು ಕ್ಷಣ ಆ ಕಡೆ ನೋಡಿದರೋ, ಬಾಗಿಲಿನಿಂದ ಬರುತ್ತಿದ್ದ ಬೆಳಕನ್ನು ನೋಡಿದರೋ, ನಾನು ಪ್ರಮಾಣ ಮಾಡಿ ಹೇಳಲಾರೆ.

“ಪ್ರೆಸ್ ನೋಟಲ್ಲಿ ಎಷ್ಟಿದೆಯೋ ಅಷ್ಟೇ ಮೇಡಂ. ನೀವು ನಿಮ್ಮದನ್ನ ಹೇಳಿ.”

ನಾನು ನನ್ನದನ್ನು ಹೇಳಿದೆ. ಅಣ್ಣ ಎಂದು ತಮ್ಮ ಕರೆಯುವ ಒಬ್ಬರಿದ್ದಾರೆ, ಅವರು ಈ ಮೂರನೆಯ ಪದವನ್ನು ತೆಗೆಯಲು ಹೇಳಿದರು, ಆ ಒಬ್ಬರು ಈಗ ಬೆಂಚಿನ ಮೇಲೆ ಕೂತಿದ್ದಾರೆ ಎಂಬುದನ್ನೂ ಹೇಳಿದೆ. ದನಿ ತಗ್ಗಿಸಿ ಹೇಳಿದೆ, ಆದರೆ ಹೇಳಿದೆ. ಅವರು ತಲೆಯಾಡಿಸಿದರು. ಟೈಪಾಗಿ ಬಂದ ಹೇಳಿಕೆಯನ್ನು ಓದಿದಾಗ ಹೊಲ ಇತ್ತು, ಸ್ಕೆಚ್ ಇತ್ತು, ಅಕ್ಕ ಕೂಡ ಇತ್ತು. ಅಣ್ಣ ಇರಲಿಲ್ಲ. ಕೇಳಿದ್ದಕ್ಕೆ, ಅದು ನಿಮ್ಮ ಊಹೆ, ಸಾಕ್ಷಿಯ ಹೇಳಿಕೆಯಲ್ಲಿ ಊಹೆ ಬರೆಯುವ ಹಾಗಿಲ್ಲ ಎಂದರು. ಕಾನೂನಿನ ಪ್ರಕಾರ ಅವರ ಮಾತು ಸರಿಯೇ ಇರಬಹುದು. ನಾನು ಹೊರಗೆ ಬರುವಾಗ ಬೆಂಚಿನಿಂದ ಅವರು ಎದ್ದು ನಿಂತು, ಮೊದಲ ದಿನದಂತೆಯೇ ಕೈಮುಗಿದರು.

“ಬಿಸಿಲು ಜಾಸ್ತಿ ಇದೆ ಅಕ್ಕ. ಮಧ್ಯಾಹ್ನದ ಕ್ಲಾಸಿಗೆ ಬಸ್ಸಲ್ಲಿ ಹೋದ್ರೆ ತಡ ಆಗುತ್ತೆ. ಬೇಕಾದ್ರೆ ಬಿಟ್ಟು ಬರ್ತೀನಿ.”

ಅಂದು ಮಧ್ಯಾಹ್ನ ನನಗೆ ಕ್ಲಾಸ್ ಇದೆ ಎಂದು ನಾನು ಯಾರಿಗೂ ಹೇಳಿರಲಿಲ್ಲ.

ತಮ್ಮನಿಗೆ ಜಾಮೀನು ಸಿಕ್ಕಿತು. ನನ್ನ ಹೇಳಿಕೆಯಿಂದಲೋ ಬೇರೆ ಕಾರಣದಿಂದಲೋ ತಿಳಿಯದು. ಊರಿನ ಲೆಕ್ಕದಲ್ಲಿ ಆ ವಿಷಯ ಅಲ್ಲಿಗೆ ಮುಗಿಯಿತು. ಒಂದು ಪಂಗಡ ಅಮಾಯಕ ಗೆದ್ದ ಎಂದಿತು, ಇನ್ನೊಂದು ದೊಡ್ಡವರು ತಪ್ಪಿಸಿಕೊಂಡರು ಎಂದಿತು. ಜೆರಾಕ್ಸ್ ಅಂಗಡಿ ಮತ್ತೆ ತೆರೆಯಿತಂತೆ. ಅಂಗಡಿಯಾತ ಈಗ ರಾಜಕೀಯ ಮಾತಾಡುವುದಿಲ್ಲವಂತೆ, ಬೆಳಕಿರುವಾಗಲೇ ಷಟರ್ ಎಳೆಯುತ್ತಾರಂತೆ.

ಹದಿನೈದು ದಿನ ಕಳೆದಿರಬೇಕು, ತಮ್ಮ ವಿದ್ಯಾನಗರಕ್ಕೆ ಬಂದ. ಅಮ್ಮ ಅಡುಗೆಮನೆಯಲ್ಲಿ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದರು. ಅವನು ಕುರ್ಚಿಯ ತುದಿಯಲ್ಲಿ ಕೂತು, ಚೀಲದಿಂದ ನಮ್ಮ ಹೊಲದ ಸ್ಕೆಚ್ ತೆಗೆದು ನನ್ನ ಮುಂದೆ ಹರಡಿದ. ಅಚ್ಚುಕಟ್ಟಾದ ಗೆರೆಗಳು, ಅಮ್ಮನ ಪಾಲು, ಚಿಕ್ಕಮ್ಮನ ಪಾಲು, ನಡುವೆ ಒಂದು ಕಲ್ಲಿನ ಗುರುತು. ತೆಳ್ಳಗಾಗಿದ್ದ. ಹಳೆಯ ಕಲ್ಲು ಎಲ್ಲಿ ಸಿಕ್ಕಿತು ಎಂದು ಕೇಳಿದೆ. ಬೇಲಿಯ ಮೂಲೆಯಲ್ಲಿ, ಮಣ್ಣಿನಲ್ಲಿ ಹೂತುಹೋಗಿತ್ತು ಎಂದ. ಕ್ಷಣಕಾಲ ಅವನ ದನಿಯಲ್ಲಿ ಹಿಂದಿನ ಹುರುಪು ಬಂದಿತ್ತು. ಅದನ್ನು ನಂಬಿ ಕೇಳಿದೆ.

“ಇನ್ನೊಂದು ಸ್ಕೆಚ್ ರೆಡಿ ಅಂತ ಯಾರಿಗೆ ಕಳಿಸಿದ್ದೆ?”

ಅವನು ಕಾಗದದ ಮೇಲಿಂದ ಬೆರಳು ತೆಗೆಯಲಿಲ್ಲ. “ಇನ್ನೊಂದು ಯಾವುದು ಅಕ್ಕ?”

“ನನಗೆ ಹೇಳಬಹುದು. ನಾನು ಯಾರಿಗೂ…”

“ನೀನು ಹೇಳಿದೀಯಂತಲ್ಲ” ಎಂದ. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿರುತ್ತಿತ್ತು. “ಅವರು ಏನೂ ಅಂದ್ಕೊಂಡಿಲ್ಲ ಅಕ್ಕ. ಓದಿದೋರು ಹಂಗೇ, ಎಲ್ಲಾನೂ ಅಕ್ಷರ ಅಕ್ಷರ ನೋಡ್ತಾರೆ ಅಂತ ನಗ್ತಿದ್ರು.”

ಠಾಣೆಯ ಆ ಕೋಣೆಯಲ್ಲಿ ನಾನು ದನಿ ತಗ್ಗಿಸಿ ಹೇಳಿದ ಮಾತು, ಕಾಗದದ ಮೇಲೆ ಬರದ ಮಾತು, ತಲುಪಬಾರದ ಕಡೆಗೆ ತಲುಪಿತ್ತು.

ಹೊರಗೆ ಕಾರಿನ ಹಾರ್ನ್ ಕೇಳಿಸಿತು. ಒಂದೇ ಸಲ, ಚಿಕ್ಕದಾಗಿ. ತಮ್ಮ ತಟ್ಟನೆ ಎದ್ದು ಕಿಟಕಿಯ ಹತ್ತಿರ ಹೋದ. “ಬಂದೆ ಅಣ್ಣ” ಎಂದ. ಅವಲಕ್ಕಿ ತಿಂದು ಹೋಗು ಎನ್ನುವಷ್ಟರಲ್ಲಿ ಮೆಟ್ಟಿಲು ಇಳಿದಿದ್ದ.

ಅಮ್ಮ ತಟ್ಟೆ ಹಿಡಿದು ಹೊರಗೆ ಬಂದರು. ಕೆಳಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು.

“ಯಾರೇ ಅದು, ಕರ್ಕೊಂಡು ಹೋಗೋಕೆ ಬಂದಿದ್ದು?”

“ಅವನ ಅಣ್ಣನಂತೆ.”

ಅಮ್ಮ ನನ್ನ ಮುಖ ನೋಡಿದರು. ಕೈಯಲ್ಲಿನ ತಟ್ಟೆಯಿಂದ ಇನ್ನೂ ಹಬೆ ಏಳುತ್ತಿತ್ತು.

“ಅವನಿಗೆ ಯಾವ ಅಣ್ಣನೇ? ಒಬ್ಬನೇ ಮಗ. ಅಕ್ಕ ಅಂತ ಇರೋಳು ನೀನೊಬ್ಬಳೇ ಅಲ್ವಾ?”